ವೃತ್ತದ ಗತಿಯನ್ನು ಲೆಕ್ಕಕ್ಕೆ ತಂದ ಭಾಸ್ಕರಾಚಾರ್ಯರು

ದಾವಣಗೆರೆ: ಹಂತಿ ಹೊಡೆಯುವುದೆಂದರೆ ಏನೆಂದು ಜಗಳೂರು ಸೀಮೆಯ ಹಿರಿಯ ರೈತರಿಗೆ ವಿವರಿಸಬೇಕಾಗಿಲ್ಲ. ಕಣದ ನಡುವೆ ಮೇಟಿ ನೆಟ್ಟು, ಅದಕ್ಕೆ ಎತ್ತುಗಳನ್ನು ಒಂದರ ಪಕ್ಕ ಒಂದರಂತೆ ಸಾಲಾಗಿ ಕಟ್ಟಿ, ಹರಡಿದ ತೆನೆಯ ಮೇಲೆ ರಾತ್ರಿಯಿಡೀ ಸುತ್ತಿಸುವ ಪದ್ಧತಿ ಅದು. ಮೇಟಿಗೆ ಹತ್ತಿರವಿರುವ ಎತ್ತು ನಿಂತಲ್ಲೇ ತಿರುಗಿದಂತೆ ಕಾಣುತ್ತದೆ. ಹೊರಅಂಚಿನ ಎತ್ತು ಮಾತ್ರ ದಾಪುಗಾಲು ಹಾಕಲೇಬೇಕು. ಆದ್ದರಿಂದಲೇ ಮುದಿ ಎತ್ತನ್ನು ಒಳಗೆ, ಚುರುಕಾದ ಹೋರಿಯನ್ನು ಹೊರಗೆ ಕಟ್ಟುವುದು ವಾಡಿಕೆ. ಒಕ್ಕಣೆ ಯಂತ್ರಗಳು ಬಂದ ಮೇಲೆ ಮೇಟಿಯೂ ಹೋಯಿತು, ಹಂತಿಯ ಪದಗಳೂ ಬಹುಮಟ್ಟಿಗೆ ಮರೆಯಾದವು. ಆದರೆ ಆ ಕಣದಲ್ಲಿ ನಡೆಯುತ್ತಿದ್ದುದು ಭೌತಶಾಸ್ತ್ರದ ಒಂದು ಶುದ್ಧ ಪಾಠ ಎಂಬುದನ್ನು ಇಂದಿನ ವಿದ್ಯಾರ್ಥಿಗಳಿಗೆ ಯಾರಾದರೂ ಹೇಳಬೇಕಾಗಿದೆ.

ಮೇಟಿಯಿಂದ ಒಂದು ಮೀಟರ್ ದೂರದಲ್ಲಿ ಒಳಗಿನ ಎತ್ತು, ನಾಲ್ಕು ಮೀಟರ್ ದೂರದಲ್ಲಿ ಹೊರಗಿನ ಎತ್ತು ಇವೆ ಎನ್ನೋಣ. ಒಂದು ಸುತ್ತಿಗೆ 20 ಸೆಕೆಂಡು ಹಿಡಿಯುತ್ತದೆ. ಒಂದೇ ಹಗ್ಗಕ್ಕೆ ಕಟ್ಟಿರುವುದರಿಂದ ಎರಡೂ ಒಂದೇ ಅವಧಿಯಲ್ಲಿ ಸುತ್ತು ಮುಗಿಸುತ್ತವೆ. ಎಂದರೆ ಕೋನೀಯ ವೇಗ ಎರಡಕ್ಕೂ ಒಂದೇ. ಆದರೆ ಒಳಗಿನದು ಸೆಕೆಂಡಿಗೆ ಸುಮಾರು 31 ಸೆಂಟಿಮೀಟರ್ ನಡೆದರೆ ಹೊರಗಿನದು ಸುಮಾರು 126 ಸೆಂಟಿಮೀಟರ್ ನಡೆಯಬೇಕು. ತ್ರಿಜ್ಯ ನಾಲ್ಕು ಪಟ್ಟು, ಆದ್ದರಿಂದ ಜವವೂ ನಾಲ್ಕು ಪಟ್ಟು. ಪ್ರಥಮ ಪಿಯುಸಿ ವಿಜ್ಞಾನ ವಿದ್ಯಾರ್ಥಿಗಳು ವೃತ್ತೀಯ ಚಲನೆಯ ಲೆಕ್ಕಗಳೆಂದರೆ ಹೆದರುವುದು ಹೊಸ ಸಂಗತಿಯಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದ ಮಕ್ಕಳಿಗೆ ಇಂಗ್ಲಿಷಿನ ಪರಿಭಾಷೆ ಮತ್ತು ಸೂತ್ರಗಳು ಒಟ್ಟಿಗೇ ಎದುರಾಗುತ್ತವೆ. ವಿಷಯವೇ ಪರಕೀಯವೆಂಬ ಭಾವನೆ ಮೂಡಿದರೆ ಅದು ಅವರ ತಪ್ಪಲ್ಲ.

ಅದು ಪರಕೀಯವಲ್ಲ ಎಂಬುದಕ್ಕೆ ಒಬ್ಬ ವ್ಯಕ್ತಿಯ ಜೀವನವೇ ಸಾಕ್ಷಿ. ಸುಮಾರು 900 ವರ್ಷಗಳ ಹಿಂದೆ ದಖ್ಖನಿನ ಇದೇ ರಾಜಕೀಯ ಭೂಪಟದಲ್ಲಿ ಬದುಕಿ, ವೃತ್ತದ ಮೇಲೆ ಚಲಿಸುವ ವಸ್ತುವಿನ ಆ ಕ್ಷಣದ ಗತಿ ಎಷ್ಟು ಎಂಬ ಪ್ರಶ್ನೆಯನ್ನು ಸ್ಪಷ್ಟವಾಗಿ ಕೇಳಿ, ಸರಿಯಾಗಿ ಉತ್ತರಿಸಿದವರು ಭಾಸ್ಕರಾಚಾರ್ಯರು.

ಚಾಲುಕ್ಯರ ಕಾಲದ ಕೂಸು

ಅವರ ಜನನ ವರ್ಷದ ಬಗ್ಗೆ ಗೊಂದಲವಿಲ್ಲ. ಶಕ 1036, ಅಂದರೆ ಕ್ರಿ.ಶ. 1114ರಲ್ಲಿ ತಾವು ಜನಿಸಿದ್ದಾಗಿಯೂ, 36ನೆಯ ವಯಸ್ಸಿನಲ್ಲಿ ಸಿದ್ಧಾಂತ ಶಿರೋಮಣಿಯನ್ನು ರಚಿಸಿದ್ದಾಗಿಯೂ ಅವರೇ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ತಮ್ಮ ಬಗ್ಗೆ ಇಷ್ಟಾದರೂ ಹೇಳಿಕೊಂಡ ಪ್ರಾಚೀನ ಭಾರತೀಯ ಶಾಸ್ತ್ರಕಾರರು ವಿರಳ. ಶಾಂಡಿಲ್ಯ ಗೋತ್ರದ ಬ್ರಾಹ್ಮಣ ಕುಟುಂಬ. ತಂದೆ ಮಹೇಶ್ವರರೇ ಗುರು. ಸಹ್ಯಾದ್ರಿಯ ಆಶ್ರಯದಲ್ಲಿದ್ದ, ವಿದ್ವಾಂಸರಿಂದ ತುಂಬಿದ ವಿಜ್ಜಡವಿಡವೆಂಬ ಊರು ಅವರ ನೆಲೆ.

ಅವರು ಹುಟ್ಟಿದಾಗ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ. ಬಿಲ್ಹಣನಂಥ ಕವಿ, ಮಿತಾಕ್ಷರಾ ಬರೆದ ವಿಜ್ಞಾನೇಶ್ವರರು ಆ ಅರಸನ ಕಾಲದವರು. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಮಾನಸೋಲ್ಲಾಸವನ್ನು ರಚಿಸುವಾಗ ಭಾಸ್ಕರರು ಹದಿಹರೆಯದ ಹುಡುಗ. ಸಿದ್ಧಾಂತ ಶಿರೋಮಣಿ ಹೊರಬಂದ 1150ರಲ್ಲಿ ಸಿಂಹಾಸನದ ಮೇಲಿದ್ದವನು ಇಮ್ಮಡಿ ಜಗದೇಕಮಲ್ಲ. ಅದಾಗಿ ಕೆಲವೇ ವರ್ಷಗಳಲ್ಲಿ ಕಳಚೂರಿ ಬಿಜ್ಜಳ ಅಧಿಕಾರವನ್ನು ಕೈವಶ ಮಾಡಿಕೊಂಡ. ಕಲ್ಯಾಣದಲ್ಲಿ ಬಸವಣ್ಣನವರ ಚಳವಳಿ ಅರಳಿ, ರಕ್ತಪಾತದಲ್ಲಿ ಚದುರಿತು. ರಾಜಾದಿತ್ಯನೆಂಬ ಜೈನ ಪಂಡಿತ ಕನ್ನಡದಲ್ಲಿಯೇ ವ್ಯವಹಾರಗಣಿತವನ್ನು ಬರೆದದ್ದೂ ಇದೇ ಶತಮಾನದಲ್ಲಿ. ಹನ್ನೆರಡನೆಯ ಶತಮಾನವೆಂದರೆ ನಮಗೆ ವಚನಗಳು ಮಾತ್ರ ನೆನಪಾಗುವುದು ಸಹಜ. ಆದರೆ ಅದು ಲೆಕ್ಕದ ಶತಮಾನವೂ ಹೌದು.

ಇಂದಿನ ದಾವಣಗೆರೆ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ, ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಹೊನ್ನಾಳಿಯ ಒಂದು ಭಾಗ ಈಚಿನ ವರ್ಷಗಳಲ್ಲಿ ನ್ಯಾಮತಿ ತಾಲ್ಲೂಕಾಯಿತು. ಭಾಸ್ಕರರ ಕಾಲದಲ್ಲಿ ಈ ಸೀಮೆಯ ಬಹುಭಾಗ ನೊಳಂಬವಾಡಿ-32000ಕ್ಕೆ ಸೇರಿತ್ತು. ಜಗಳೂರಿಗೆ ಸಮೀಪದ ಉಚ್ಚಂಗಿ ಕೋಟೆಯಿಂದ ಪಾಂಡ್ಯ ಮನೆತನದವರು ಚಾಲುಕ್ಯರ ಸಾಮಂತರಾಗಿ ಆಳುತ್ತಿದ್ದರು. ನ್ಯಾಮತಿ ತಾಲ್ಲೂಕಿನ ಬೆಳಗುತ್ತಿ ಸಿಂದ ಅರಸರ ನೆಲೆಯಾಗಿತ್ತು. ಈ ಕಾಲದ ಕನ್ನಡ ಶಾಸನಗಳನ್ನು ಓದಿದವರಿಗೆ ಒಂದು ವಿಷಯ ಕಣ್ಣಿಗೆ ಬೀಳದೇ ಇರದು. ದತ್ತಿ ಕೊಟ್ಟ ದಿನವನ್ನು ಸೂರ್ಯಗ್ರಹಣ, ಸೋಮಗ್ರಹಣ, ಉತ್ತರಾಯಣ ಸಂಕ್ರಮಣ, ವ್ಯತೀಪಾತ ಎಂದು ಗುರುತಿಸುವುದು ರೂಢಿ. ಭೂಮಿ ಯಾರಿಗೆ ಸೇರಿತು ಎಂಬ ದಾಖಲೆಗೆ ಆಕಾಶವೇ ಮುದ್ರೆ. ಗ್ರಹಣದ ವೇಳೆಯನ್ನು ತಪ್ಪಾಗಿ ಹೇಳಿದ ಜೋಯಿಸ ಅರಸನ ಮುಂದೆಯೂ ಊರಿನ ಮುಂದೆಯೂ ತಲೆ ತಗ್ಗಿಸಬೇಕಾಗುತ್ತಿತ್ತು. ಗ್ರಹಗತಿಯ ಲೆಕ್ಕ ಕೇವಲ ಪಾಂಡಿತ್ಯದ ಪ್ರಶ್ನೆಯಾಗಿರಲಿಲ್ಲ.

ಆ ಕ್ಷಣದ ವೇಗ

ಚಂದ್ರ ಆಕಾಶದಲ್ಲಿ ನಕ್ಷತ್ರಗಳ ನಡುವೆ ದಿನಕ್ಕೆ ಸರಾಸರಿ 13 ಡಿಗ್ರಿ 10 ಕಲೆಯಷ್ಟು ಸರಿಯುತ್ತಾನೆ. ಅಂದರೆ ಒಂದು ಗಂಟೆಗೆ ಸರಿಸುಮಾರು ತನ್ನದೇ ಬಿಂಬದ ಅಗಲದಷ್ಟು. ಆದರೆ ಈ ವೇಗ ಏಕರೂಪವಲ್ಲ. ಕೆಲವು ದಿನ 12 ಡಿಗ್ರಿಗಿಂತ ತುಸು ಕಡಿಮೆ, ಕೆಲವು ದಿನ 15 ಡಿಗ್ರಿಯ ಹತ್ತಿರ. ಚಂದ್ರನ ಸ್ಥಾನದಲ್ಲಿ 10 ಕಲೆಯಷ್ಟು ತಪ್ಪಾದರೂ ಗ್ರಹಣದ ವೇಳೆ ಸುಮಾರು 20 ನಿಮಿಷ ಆಚೀಚೆಯಾಗುತ್ತದೆ. ಹಳ್ಳಿಯ ಜನ ಮಿಂದು, ಒದ್ದೆಬಟ್ಟೆಯಲ್ಲಿ ನದೀತೀರದಲ್ಲಿ ಕಾಯುವಾಗ 20 ನಿಮಿಷವೆಂಬುದು ಸಣ್ಣ ಅವಧಿಯಲ್ಲ.

ಈ ಏರುಪೇರನ್ನು ಭಾರತೀಯ ಜ್ಯೋತಿರ್ವಿದರು ವೃತ್ತಗಳ ಮೂಲಕವೇ ವಿವರಿಸುತ್ತಿದ್ದರು. ಗ್ರಹವು ಸಮವೇಗದಲ್ಲಿ ಒಂದು ವೃತ್ತದ ಮೇಲೆ ಚಲಿಸುತ್ತದೆ, ಆದರೆ ಆ ವೃತ್ತದ ಕೇಂದ್ರ ಭೂಮಿಯಿಂದ ಸ್ವಲ್ಪ ಸರಿದಿದೆ. ಹೀಗಾಗಿ ನಮಗೆ ಅದರ ವೇಗ ಬದಲಾದಂತೆ ಕಾಣುತ್ತದೆ. ಸರಾಸರಿ ಸ್ಥಾನಕ್ಕೂ ನಿಜಸ್ಥಾನಕ್ಕೂ ಇರುವ ಅಂತರವನ್ನು ಜ್ಯಾ, ಅಂದರೆ ಇಂದಿನ ಸೈನ್ ಕೋಷ್ಟಕದಿಂದ ಕಂಡುಹಿಡಿಯಬೇಕು. ಇಲ್ಲಿಯವರೆಗಿನದು ಆರ್ಯಭಟ, ಬ್ರಹ್ಮಗುಪ್ತರ ಕಾಲದಿಂದಲೂ ಗೊತ್ತಿದ್ದ ಮಾತು.

ಭಾಸ್ಕರರ ಹೆಜ್ಜೆಯನ್ನು ಅರ್ಥಮಾಡಿಕೊಳ್ಳಲು ಜಾತ್ರೆಯ ದೊಡ್ಡ ತಿರುಗು ತೊಟ್ಟಿಲನ್ನು ನೆನಪಿಸಿಕೊಂಡರೆ ಸಾಕು. ರಾಟೆ ಒಂದೇ ವೇಗದಲ್ಲಿ ತಿರುಗುತ್ತಿದೆ. ಆದರೆ ಕುಳಿತವರ ಅನುಭವ ಬೇರೆ. ಅಚ್ಚಿನ ಮಟ್ಟದಲ್ಲಿರುವಾಗ ತೊಟ್ಟಿಲು ಸರ್ರನೆ ಮೇಲೇರುತ್ತದೆ. ತುದಿಗೆ ಬರುತ್ತಿದ್ದಂತೆ ಏರುವಿಕೆ ನಿಧಾನವಾಗಿ, ನೆತ್ತಿಯಲ್ಲಿ ಒಂದು ಕ್ಷಣ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹಾಗಾದರೆ ನಡುವಿನ ಯಾವುದೇ ಬಿಂದುವಿನಲ್ಲಿ ಏರುವ ವೇಗ ಎಷ್ಟು? ತೊಟ್ಟಿಲಿನ ವೇಗವನ್ನು ಆ ಕೋನದ ಕೋಟಿಜ್ಯಾದಿಂದ, ಅಂದರೆ ಕೊಸೈನ್‌ನಿಂದ ಗುಣಿಸಿದಷ್ಟು. ಅಚ್ಚಿನ ಮಟ್ಟದಿಂದ 60 ಡಿಗ್ರಿ ಮೇಲೆ ಬಂದಾಗ ಅದು ನಿಖರವಾಗಿ ಅರ್ಧ. ನೆತ್ತಿಯಲ್ಲಿ ಸೊನ್ನೆ.

ಭಾಸ್ಕರರಿಗೆ ಮೊದಲಿನವರು ಬಳಸುತ್ತಿದ್ದ ಕೋಷ್ಟಕದಲ್ಲಿ ವೃತ್ತದ ಕಾಲುಭಾಗವನ್ನು 24 ಸಮಭಾಗ ಮಾಡಲಾಗಿತ್ತು. ಪ್ರತಿ ಭಾಗ 225 ಕಲೆ, ಅಂದರೆ ಮೂರೂಮುಕ್ಕಾಲು ಡಿಗ್ರಿ. ತ್ರಿಜ್ಯ 3438. ಒಂದು ಜ್ಯಾದಿಂದ ಮುಂದಿನ ಜ್ಯಾಗೆ ಎಷ್ಟು ಹೆಚ್ಚುತ್ತದೆಂಬುದನ್ನು ಕೋಷ್ಟಕದಿಂದ ತೆಗೆದು, ಆ ಇಡೀ ಭಾಗಕ್ಕೆ ಅದನ್ನೇ ಗತಿಯೆಂದು ಹಿಡಿಯುವುದು ರೂಢಿಯ ವಿಧಾನ. 60 ಡಿಗ್ರಿಯ ಉದಾಹರಣೆಯನ್ನೇ ನೋಡಿ. ಅಲ್ಲಿಯ ಜ್ಯಾ 2978. ಅದರ ಹಿಂದಿನದು 2859, ಮುಂದಿನದು 3084. ಹಿಂದಿನ ಭಾಗದ ವ್ಯತ್ಯಾಸ 119, ಮುಂದಿನ ಭಾಗದ್ದು 106. ಹಾಗಾದರೆ ಸರಿಯಾಗಿ 60 ಡಿಗ್ರಿಯಲ್ಲಿರುವಾಗ ಯಾವುದನ್ನು ಹಿಡಿಯಬೇಕು? ಒಂದು ಕ್ಷಣ ಮೊದಲು 119, ಒಂದು ಕ್ಷಣದ ನಂತರ 106 ಎಂದರೆ ಗ್ರಹವು ಮೆಟ್ಟಿಲು ಹತ್ತಿದಂತೆ ಜಿಗಿಯುತ್ತದೆಂದು ಒಪ್ಪಿದಂತಾಯಿತು.

ಇದನ್ನು ಭಾಸ್ಕರರು ಒಪ್ಪಲಿಲ್ಲ. ಅವರದು ಸರಳ ತ್ರೈರಾಶಿ. ಕೋಟಿಜ್ಯಾ ಪೂರ್ಣ ತ್ರಿಜ್ಯಕ್ಕೆ ಸಮನಾಗಿರುವಾಗ ವೃದ್ಧಿ 225 ಆಗುವುದಾದರೆ, ಇಷ್ಟ ಕೋಟಿಜ್ಯಾಗೆ ಎಷ್ಟು? 60 ಡಿಗ್ರಿಯಲ್ಲಿ ಕೋಟಿಜ್ಯಾ ತ್ರಿಜ್ಯದ ಅರ್ಧ. ಆದ್ದರಿಂದ ಉತ್ತರ ನೂರಾ ಹನ್ನೆರಡೂವರೆ. 119 ಮತ್ತು 106ರ ನಟ್ಟನಡುವೆ. ಓದುಗರು ಕಾಗದದ ಮೇಲೆ ಮಾಡಿ ನೋಡಬಹುದಾದಷ್ಟು ಚಿಕ್ಕ ಲೆಕ್ಕವಿದು. ಇದಕ್ಕೆ ಅವರು ಕೊಟ್ಟ ಹೆಸರು ತಾತ್ಕಾಲಿಕ ಗತಿ. ಇಂದು ಕನ್ನಡದಲ್ಲಿ ತಾತ್ಕಾಲಿಕ ಎಂದರೆ ಕೆಲಕಾಲದ ಮಟ್ಟಿಗಿನದು ಎಂದರ್ಥ. ತಾತ್ಕಾಲಿಕ ನೌಕರ ಎನ್ನುತ್ತೇವಲ್ಲ, ಹಾಗೆ. ಭಾಸ್ಕರರ ಬಳಕೆಯಲ್ಲಿ ಅದು ಆ ಕಾಲದ್ದೇ, ಆ ಕ್ಷಣದ್ದೇ ಆದ ಗತಿ. ಭೌತಶಾಸ್ತ್ರದ ತರಗತಿಯಲ್ಲಿ ಕ್ಷಣಿಕ ವೇಗ ಎಂದು ಕಲಿಸುವುದು ಇದನ್ನೇ.

ಇದನ್ನು ಎಲ್ಲಿ ಬಳಸಬೇಕೆಂಬುದರಲ್ಲಿಯೂ ಅವರ ವಿವೇಕ ಎದ್ದುಕಾಣುತ್ತದೆ. ತಿಥಿಯ ಅಂತ್ಯ ದೂರವಿದ್ದರೆ ದಿನದ ಗತಿಯೇ ಸಾಕು. ಹತ್ತಿರವಿದ್ದರೆ, ಅದರಲ್ಲಿಯೂ ಚಂದ್ರನ ವಿಷಯದಲ್ಲಿ, ತಾತ್ಕಾಲಿಕ ಗತಿಯನ್ನೇ ಹಿಡಿಯಬೇಕು. ಏಕೆಂದರೆ ಚಂದ್ರನ ದೊಡ್ಡ ಗತಿ ಕ್ಷಣಕ್ಷಣಕ್ಕೂ ಒಂದೇ ಆಗಿರುವುದಿಲ್ಲ. ಇನ್ನೂ ಮುಂದೆ ಹೋಗಿ, ಸರಾಸರಿ ಸ್ಥಾನಕ್ಕೂ ನಿಜಸ್ಥಾನಕ್ಕೂ ಇರುವ ಅಂತರ ಎಲ್ಲಿ ಗರಿಷ್ಠವೋ ಅಲ್ಲಿ ಗತಿಯ ತಿದ್ದುಪಡಿ ಸೊನ್ನೆಯಾಗಲೇಬೇಕೆಂದು ತರ್ಕಿಸಿದರು. ತಿರುಗು ತೊಟ್ಟಿಲು ನೆತ್ತಿಯಲ್ಲಿ ಏರುವುದನ್ನು ನಿಲ್ಲಿಸುವ ಸಂಗತಿಯೇ ಇದು. ಕಲನಶಾಸ್ತ್ರದಲ್ಲಿ ಗರಿಷ್ಠ ಬಿಂದುವನ್ನು ಕಂಡುಹಿಡಿಯುವ ನಿಯಮವನ್ನು ಓದಿದವರಿಗೆ ಈ ಮಾತು ಚಿರಪರಿಚಿತ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಬಗೆಯ ಗತಿಯ ಸೂತ್ರ ಭಾಸ್ಕರರಿಗಿಂತ ಎರಡು ಶತಮಾನ ಮೊದಲೇ, 932ರ ಲಘುಮಾನಸದಲ್ಲಿ, ಮುಂಜಾಲರಲ್ಲಿ ಕಾಣಿಸುತ್ತದೆ. ಭಾಸ್ಕರರ ಹಿರಿಮೆ ಇರುವುದು ಅದಕ್ಕೆ ಹೆಸರು, ಕಾರಣ ಮತ್ತು ಮಿತಿಗಳನ್ನು ಒದಗಿಸಿದ್ದರಲ್ಲಿ. ತಮ್ಮ ಗ್ರಂಥಕ್ಕೆ ತಾವೇ ವಾಸನಾಭಾಷ್ಯವೆಂಬ ಗದ್ಯ ವ್ಯಾಖ್ಯಾನ ಬರೆದು, ಪ್ರತಿ ನಿಯಮದ ಹಿಂದಿನ ಉಪಪತ್ತಿಯನ್ನು ವಿವರಿಸಿದರು. ಪೂರ್ವಾಚಾರ್ಯರಲ್ಲಿ ತಪ್ಪು ಕಂಡಾಗ ಮುಲಾಜಿಲ್ಲದೆ ತೋರಿಸಿದರು. ಗೋಳದ ಮೇಲ್ಮೈಯ ವಿಸ್ತೀರ್ಣದ ಬಗ್ಗೆ ಲಲ್ಲರು ಕೊಟ್ಟಿದ್ದ ನಿಯಮವನ್ನು ತಳ್ಳಿಹಾಕಿ, ಪರಿಧಿಯನ್ನು ವ್ಯಾಸದಿಂದ ಗುಣಿಸಬೇಕೆಂದು ಸರಿಪಡಿಸಿದ್ದು ಒಂದು ನಿದರ್ಶನ. ಗುರುಪರಂಪರೆಯ ಮಾತಿಗೆ ಎದುರಾಡದ ಸಮಾಜದಲ್ಲಿ ಇದು ಸಣ್ಣ ಧೈರ್ಯವಲ್ಲ.

ತಾನೇ ತಿರುಗುವ ಚಕ್ರ

ಆದರೆ ಅದೇ ಭಾಸ್ಕರರು ವೃತ್ತೀಯ ಚಲನೆಯಲ್ಲಿ ಎಡವಿದ್ದೂ ಉಂಟು. ಅಭಿಮಾನದ ಭರದಲ್ಲಿ ಈ ಭಾಗವನ್ನು ಮುಚ್ಚಿಡುವುದು ಅವರಿಗೆ ಗೌರವ ತರುವುದಿಲ್ಲ.

ಗೋಲಾಧ್ಯಾಯದ ಯಂತ್ರಗಳ ಪ್ರಕರಣದಲ್ಲಿ ತನ್ನಷ್ಟಕ್ಕೆ ತಾನೇ ತಿರುಗುವ ಚಕ್ರವೊಂದರ ವರ್ಣನೆಯಿದೆ. ಹಗುರವಾದ ಮರದಿಂದ ಸಮನಾದ ಚಕ್ರ ಮಾಡಬೇಕು. ಸಮಾನ ಅಂತರದಲ್ಲಿ, ಎಲ್ಲವೂ ಒಂದೇ ದಿಕ್ಕಿಗೆ ತುಸು ಬಾಗಿದಂತೆ, ಪೊಳ್ಳಾದ ಅರೆಕಾಲುಗಳನ್ನು ಜೋಡಿಸಬೇಕು. ಅವುಗಳಲ್ಲಿ ಅರ್ಧದಷ್ಟು ಪಾದರಸ ತುಂಬಿ ಬಾಯಿ ಮುಚ್ಚಬೇಕು. ಎರಡು ಆಧಾರಗಳ ನಡುವೆ ಅಚ್ಚಿನ ಮೇಲೆ ಇಟ್ಟರೆ ಚಕ್ರ ತಾನೇ ಸುತ್ತುತ್ತದೆ ಎಂಬುದು ಅವರ ನಂಬಿಕೆ. ಒಂದು ಪಾರ್ಶ್ವದಲ್ಲಿ ಪಾದರಸ ಅಂಚಿನ ಕಡೆಗೂ ಮತ್ತೊಂದು ಪಾರ್ಶ್ವದಲ್ಲಿ ಅಚ್ಚಿನ ಕಡೆಗೂ ಹರಿಯುವುದರಿಂದ ಒಂದು ಬದಿ ಸದಾ ಭಾರವಾಗಿರುತ್ತದೆ ಎಂಬ ಎಣಿಕೆ ಇದರ ಹಿಂದಿದೆ. ಬ್ರಹ್ಮಗುಪ್ತರೂ 628ರಲ್ಲಿಯೇ ಪಾದರಸದ ಚಕ್ರವನ್ನು ವರ್ಣಿಸಿದ್ದರು.

ಇಂಥ ಚಕ್ರ ತಿರುಗುತ್ತಲೇ ಇರಲು ಸಾಧ್ಯವಿಲ್ಲ. ಅಂಚಿನ ಕಡೆಗೆ ಸರಿದ ಪಾದರಸದ ಹಿಡಿತ ಹೆಚ್ಚು, ನಿಜ. ಆದರೆ ಸುತ್ತಿನ ಉಳಿದ ಭಾಗದಲ್ಲಿ ಅದನ್ನು ಮತ್ತೆ ಮೇಲೆತ್ತಬೇಕು. ಒಂದು ಪೂರ್ಣ ಸುತ್ತಿನಲ್ಲಿ ಇಳಿದು ಗಳಿಸಿದ್ದೆಲ್ಲವೂ ಏರಿ ಖರ್ಚಾಗುತ್ತದೆ. ಮೇಲೆ ಅಚ್ಚಿನ ಘರ್ಷಣೆಯ ನಷ್ಟ. ಕೈಯಿಂದ ತಳ್ಳಿದರೆ ನಾಲ್ಕು ಸುತ್ತು ಸುತ್ತಿ ಓಲಾಡಿ ನಿಲ್ಲುತ್ತದೆ. ಶಕ್ತಿಯ ಸಂರಕ್ಷಣೆಯ ನಿಯಮ ಸ್ಪಷ್ಟ ರೂಪ ಪಡೆಯಲು 19ನೆಯ ಶತಮಾನದ ನಡುವಿನವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಯೂರೋಪಿನ ಘಟಾನುಘಟಿಗಳೂ ಇದೇ ಭ್ರಮೆಯ ಹಿಂದೆ ಬಿದ್ದಿದ್ದರು. ಫ್ರಾನ್ಸಿನ ವಿಲ್ಲಾರ್ ದ ಒನೆಕೂರ್ ಎಂಬ ಶಿಲ್ಪಿ 13ನೆಯ ಶತಮಾನದಲ್ಲಿ ಬಿಡಿಸಿದ ಚಕ್ರದ ಚಿತ್ರ ಪ್ರಸಿದ್ಧವಾಗಿದೆ. ಈ ಕಲ್ಪನೆ ಭಾರತದಿಂದ ಅರಬರ ಮೂಲಕ ಪಶ್ಚಿಮಕ್ಕೆ ಹೋಗಿರಬೇಕೆಂದು ಕೆಲವು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ. ತಪ್ಪು ಕಲ್ಪನೆಯೂ ದೂರ ಪ್ರಯಾಣ ಮಾಡಬಲ್ಲದು.

ಭಾಸ್ಕರರು ತಲುಪದ ಮತ್ತೊಂದು ಮೆಟ್ಟಿಲೂ ಇದೆ. ವೃತ್ತದಲ್ಲಿ ಸುತ್ತುವ ವಸ್ತುವಿನ ಗತಿಯನ್ನು ಅವರು ಲೆಕ್ಕ ಹಾಕಿದರು. ಆದರೆ ಅದನ್ನು ವೃತ್ತದಲ್ಲಿ ಹಿಡಿದಿಡುವ ಬಲ ಎಷ್ಟೆಂದು ಕೇಳಲಿಲ್ಲ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುವ ಹುಡುಗನ ಕೈ ಆ ಬಲವನ್ನು ಬಲ್ಲದು. ಕಲ್ಲು ಸುತ್ತುತ್ತಿರುವಷ್ಟು ಹೊತ್ತೂ ಕೈ ಅದನ್ನು ಒಳಕ್ಕೆ ಎಳೆಯುತ್ತಿರಬೇಕು. ಹಗ್ಗದ ಒಂದು ತುದಿ ಬಿಟ್ಟೊಡನೆ ಕಲ್ಲು ಹೊರಕ್ಕೆ ಸಿಡಿಯುವುದಿಲ್ಲ; ಆ ಕ್ಷಣದಲ್ಲಿ ಯಾವ ದಿಕ್ಕಿನಲ್ಲಿ ಚಲಿಸುತ್ತಿತ್ತೋ ಆ ಸ್ಪರ್ಶರೇಖೆಯ ಗುಂಟ ನೇರವಾಗಿ ಹೋಗುತ್ತದೆ. ಈ ಬಲದ ಅಳತೆಯನ್ನು 1659ರಲ್ಲಿ ಡಚ್ ವಿಜ್ಞಾನಿ ಕ್ರಿಸ್ತಿಯಾನ್ ಹೈಗನ್ಸ್ ಕಂಡುಕೊಂಡರು. ನ್ಯೂಟನ್ ಅದಕ್ಕೆ ಕೇಂದ್ರಾಭಿಮುಖ ಬಲವೆಂಬ ಹೆಸರು ಕೊಟ್ಟು, ಚಂದ್ರನನ್ನು ಭೂಮಿ ಹಿಡಿದಿಟ್ಟಿರುವುದೂ ಇದರಿಂದಲೇ ಎಂದು 1687ರಲ್ಲಿ ಸಾಧಿಸಿದರು.

ಹೊನ್ನಾಳಿಯಿಂದ ನ್ಯಾಮತಿಯ ಕಡೆಗೆ ಹೊರಟ ಬಸ್ಸೊಂದು 40 ಮೀಟರ್ ತ್ರಿಜ್ಯದ ತಿರುವಿಗೆ ಬಂತೆನ್ನಿ. ವೇಗ ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಎರಡೂವರೆ. ಅಷ್ಟು ವೇಗೋತ್ಕರ್ಷವನ್ನು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ ಸುಲಭವಾಗಿ ಕೊಡುತ್ತದೆ. ಚಾಲಕ ವೇಗವನ್ನು 72ಕ್ಕೆ ಏರಿಸಿದರೆ ಬೇಕಾಗುವುದು ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಅಂದರೆ 10. ಅದು ಗುರುತ್ವ ವೇಗೋತ್ಕರ್ಷಕ್ಕಿಂತಲೂ ತುಸು ಹೆಚ್ಚು. ಒಣ ರಸ್ತೆಯಲ್ಲೂ ಸಾಮಾನ್ಯ ಟೈರಿಗೆ ಅಷ್ಟು ಹಿಡಿತವಿರುವುದಿಲ್ಲ. ಬಸ್ಸು ತಿರುವನ್ನು ಬಿಟ್ಟು ಸ್ಪರ್ಶರೇಖೆಯ ಗುಂಟ ಗದ್ದೆಗೆ ಇಳಿಯುತ್ತದೆ. ಪರೀಕ್ಷೆಯ ಅಂಕಗಳಿಗಷ್ಟೇ ಈ ಪಾಠ ಬೇಕೆಂದು ಭಾವಿಸುವವರು ಈ ಲೆಕ್ಕವನ್ನೊಮ್ಮೆ ಮಾಡಿ ನೋಡುವುದು ಒಳಿತು.

ಲೀಲಾವತಿ ಮತ್ತು ದಂತಕಥೆ

ಸಿದ್ಧಾಂತ ಶಿರೋಮಣಿಯಲ್ಲಿ ನಾಲ್ಕು ಭಾಗಗಳಿವೆ: ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ. ಜನಮನದಲ್ಲಿ ಉಳಿದದ್ದು ಮೊದಲನೆಯದು. ದುಂಬಿ, ಹಂಸ, ಕಪಿ, ನವಿಲು, ಕೆರೆಯ ತಾವರೆ ಇವೆಲ್ಲ ಅಲ್ಲಿ ಲೆಕ್ಕಗಳಾಗಿ ಬರುತ್ತವೆ. ವೃತ್ತದ ಪರಿಧಿಗೆ ಎರಡು ಅಳತೆಗಳನ್ನು ಅವರು ಕೊಡುತ್ತಾರೆ. ಸೂಕ್ಷ್ಮ ಲೆಕ್ಕಕ್ಕೆ ವ್ಯಾಸವನ್ನು 3927ರಿಂದ ಗುಣಿಸಿ 1250ರಿಂದ ಭಾಗಿಸಬೇಕು. ವ್ಯವಹಾರಕ್ಕೆ 22ರಿಂದ ಗುಣಿಸಿ 7ರಿಂದ ಭಾಗಿಸಿದರೆ ಸಾಕು. ಕಣ ಅಳೆಯುವವನಿಗೆ ಬೇರೆ, ಗ್ರಹಣ ಹೇಳುವವನಿಗೆ ಬೇರೆ.

ಲೀಲಾವತಿ ಭಾಸ್ಕರರ ಮಗಳೆಂಬ, ನೀರಿನ ಗಡಿಯಾರಕ್ಕೆ ಮುತ್ತೊಂದು ಬಿದ್ದು ಅವಳ ಮದುವೆಯ ಮುಹೂರ್ತ ತಪ್ಪಿತೆಂಬ ಕಥೆ ಮನೆಮಾತಾಗಿದೆ. ಈ ಕಥೆ ಪ್ರಚಾರಕ್ಕೆ ಬಂದದ್ದು 1587ರಲ್ಲಿ, ಅಕ್ಬರನ ಆಸ್ಥಾನದ ಫೈಜಿ ಆ ಗ್ರಂಥವನ್ನು ಪಾರಸಿಗೆ ಅನುವಾದಿಸಿದಾಗ. ಭಾಸ್ಕರರ ಬರಹದಲ್ಲಿಯಾಗಲೀ ಅವರ ವಂಶದ ಶಾಸನದಲ್ಲಿಯಾಗಲೀ ಇದಕ್ಕೆ ಆಧಾರ ದೊರೆಯುವುದಿಲ್ಲ. ಕಥೆ ಚೆನ್ನಾಗಿದೆ, ಇತಿಹಾಸವೆಂದು ಪಾಠ ಮಾಡುವುದು ಸಲ್ಲದು.

ಬೀಜಗಣಿತದಲ್ಲಿ ಚಕ್ರವಾಲವೆಂಬ ವಿಧಾನವಿದೆ. ಚಕ್ರದಂತೆ ಮತ್ತೆಮತ್ತೆ ಒಂದೇ ಕ್ರಿಯೆಯನ್ನು ಮಾಡುತ್ತಾ ಉತ್ತರಕ್ಕೆ ಬರುವುದರಿಂದ ಆ ಹೆಸರು. ಒಂದು ವರ್ಗಸಂಖ್ಯೆಯನ್ನು 61ರಿಂದ ಗುಣಿಸಿ ಒಂದನ್ನು ಕೂಡಿದರೆ ಮತ್ತೊಂದು ವರ್ಗಸಂಖ್ಯೆ ಬರಬೇಕು. ಆ ಮೂಲಸಂಖ್ಯೆಗಳು ಯಾವುವು? ಭಾಸ್ಕರರ ಉತ್ತರ 22,61,53,980 ಮತ್ತು 176,63,19,049. ಇದೇ ಸಮಸ್ಯೆಯನ್ನು ಫ್ರಾನ್ಸಿನ ಫರ್ಮಾ 1657ರಲ್ಲಿ ಯೂರೋಪಿನ ಗಣಿತಜ್ಞರ ಮುಂದೆ ಸವಾಲಾಗಿ ಇಟ್ಟರು, ಅದು ಐದು ಶತಮಾನ ಹಿಂದೆಯೇ ಬಿಡಿಸಲ್ಪಟ್ಟಿದೆ ಎಂಬುದರ ಅರಿವಿಲ್ಲದೆ.

1183ರಲ್ಲಿ, 69ನೆಯ ವಯಸ್ಸಿನಲ್ಲಿ, ಭಾಸ್ಕರರು ಕರಣಕುತೂಹಲವೆಂಬ ಕೈಪಿಡಿಯನ್ನು ಬರೆದರು. ದೊಡ್ಡ ಗ್ರಂಥದ ಉಪಪತ್ತಿಗಳಿಲ್ಲದೆ, ಪಂಚಾಂಗ ಮಾಡುವವರಿಗೆ ನೇರವಾಗಿ ಉಪಯೋಗವಾಗುವ ಲೆಕ್ಕಗಳು ಅದರಲ್ಲಿವೆ. ಅದೇ ಹೊತ್ತಿಗೆ ಕಳಚೂರಿಗಳ ಆಳ್ವಿಕೆ ಕುಸಿಯುತ್ತಿತ್ತು. ಕೆಲವೇ ವರ್ಷಗಳಲ್ಲಿ ಕಲ್ಯಾಣದ ಚಾಲುಕ್ಯರೂ ಇತಿಹಾಸಕ್ಕೆ ಸೇರಿದರು. ಉತ್ತರದಲ್ಲಿ ದೇವಗಿರಿಯ ಸೇವುಣರು, ದಕ್ಷಿಣದಲ್ಲಿ ಹೊಯ್ಸಳರು ರಾಜ್ಯವನ್ನು ಹಂಚಿಕೊಂಡರು. ತಮ್ಮ ಸುತ್ತಲಿನ ರಾಜ್ಯಗಳು ಉರುಳುವಾಗಲೂ ಮುದುಕರೊಬ್ಬರು ಮುಂದಿನ ಪೀಳಿಗೆಯ ಪಂಚಾಂಗಕಾರರಿಗೆ ಕೋಷ್ಟಕ ಸಿದ್ಧಪಡಿಸುತ್ತಿದ್ದರು ಎಂಬುದು ಗಮನಾರ್ಹ.

ಯಾವ ಊರಿನವರು?

ವಿಜ್ಜಡವಿಡ ಎಲ್ಲಿದೆ ಎಂಬ ಜಗಳ ಹಳೆಯದು. ಕನ್ನಡಿಗರು ವಿಜಯಪುರವನ್ನೋ ಅದೇ ಜಿಲ್ಲೆಯ ಬಿಜ್ಜರಗಿಯನ್ನೋ ತೋರಿಸುತ್ತಾರೆ. ಮಹಾರಾಷ್ಟ್ರದವರು ಜಳಗಾಂವ್ ಜಿಲ್ಲೆಯ ಚಾಳೀಸಗಾಂವ್ ಸಮೀಪದ ಪಾಟಣವನ್ನು ತೋರಿಸುತ್ತಾರೆ. ಸಹ್ಯಾದ್ರಿಯ ಆಶ್ರಯವೆಂಬ ವರ್ಣನೆ ವಿಜಯಪುರದ ಬಯಲಿಗೆ ಹೊಂದುವುದು ಕಷ್ಟವೆಂಬುದನ್ನು ನಾವು ಒಪ್ಪಿಕೊಳ್ಳಬೇಕು. ಅಜಂತಾ ಸಾಲಿನ ಬುಡದಲ್ಲಿರುವ ಪಾಟಣದ ಪಕ್ಷಕ್ಕೆ ಶಾಸನದ ಬಲವೂ ಇದೆ. ಆದರೆ ಹನ್ನೆರಡನೆಯ ಶತಮಾನದಲ್ಲಿ ಈ ಎರಡೂ ಕಡೆಗಳಿಗೆ ಒಂದೇ ಕಲ್ಯಾಣ ರಾಜಧಾನಿಯಾಗಿತ್ತು. ಸೇವುಣ ಅರಸರ ನೂರಾರು ಶಾಸನಗಳು ಕನ್ನಡದಲ್ಲಿಯೇ ಇವೆ. 1956ರಲ್ಲಿ ಎಳೆದ ಗೆರೆಯನ್ನು 1114ಕ್ಕೆ ಒಯ್ದು ಜಗಳವಾಡುವುದರಲ್ಲಿ ಅರ್ಥ ಕಡಿಮೆ.

ಕರ್ನಾಟಕದ ನಂಟು ಬೇರೊಂದು ರೀತಿಯಲ್ಲಿ ಮುಂದುವರಿಯಿತು. ಉಡುಪಿ ಬಳಿಯ ಅದಮಾರಿನವರಾದ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಸಿದ್ಧವಾದ ಉಪಗ್ರಹಗಳಿಗೆ ಭಾಸ್ಕರ ಎಂದೇ ಹೆಸರಿಡಲಾಯಿತು. ಮೊದಲನೆಯದು 1979ರ ಜೂನ್ 7ರಂದು, ಎರಡನೆಯದು 1981ರ ನವೆಂಬರ್ 20ರಂದು ಸೋವಿಯತ್ ರಾಕೆಟ್‌ಗಳಲ್ಲಿ ಮೇಲೇರಿದವು. ನೆಲದಿಂದ ಸುಮಾರು 500 ಕಿಲೋಮೀಟರ್ ಎತ್ತರದ ವೃತ್ತದಲ್ಲಿ ಉಳಿಯಬೇಕಾದರೆ ಉಪಗ್ರಹವು ಸೆಕೆಂಡಿಗೆ ಸುಮಾರು 7.6 ಕಿಲೋಮೀಟರ್ ವೇಗದಲ್ಲಿ ಸಾಗಬೇಕು; ಒಂದು ಸುತ್ತಿಗೆ ಸುಮಾರು 95 ನಿಮಿಷ. ಕವಣೆಯ ಹಗ್ಗದ ಕೆಲಸವನ್ನು ಇಲ್ಲಿ ಭೂಮಿಯ ಆಕರ್ಷಣೆ ಮಾಡುತ್ತದೆ. ಭೂಮಿಗೆ ಆಕರ್ಷಿಸುವ ಶಕ್ತಿಯಿದೆ, ಆದ್ದರಿಂದ ವಸ್ತುಗಳು ಅದರತ್ತ ಬೀಳುತ್ತವೆ ಎಂಬ ವಿಚಾರ ಗೋಲಾಧ್ಯಾಯದಲ್ಲಿ ಬರುತ್ತದೆ. ಅದನ್ನು ಹಿಡಿದುಕೊಂಡು ನ್ಯೂಟನ್‌ಗಿಂತ ಮೊದಲೇ ಗುರುತ್ವ ನಿಯಮವನ್ನು ಕಂಡುಹಿಡಿದಿದ್ದರೆಂದು ಸಭೆಗಳಲ್ಲಿ ಘೋಷಿಸುವವರಿದ್ದಾರೆ. ಆಕರ್ಷಣೆ ಇದೆ ಎನ್ನುವುದು ಒಂದು, ದೂರದ ವರ್ಗಕ್ಕೆ ವಿಲೋಮವಾಗಿ ಅದು ಎಷ್ಟು ತಗ್ಗುತ್ತದೆಂದು ಅಳೆದು ಹೇಳುವುದು ಇನ್ನೊಂದು. ಅಳತೆಯನ್ನೇ ಬದುಕಾಗಿಸಿಕೊಂಡಿದ್ದ ಭಾಸ್ಕರರೇ ಈ ಬಗೆಯ ಹೊಗಳಿಕೆಯನ್ನು ಒಪ್ಪುತ್ತಿದ್ದರೇ ಎಂಬುದು ಸಂದೇಹ.

ಮೊಮ್ಮಗನ ಮಠ

ಭಾಸ್ಕರರ ಮಗ ಲಕ್ಷ್ಮೀಧರರನ್ನು ಸೇವುಣ ಅರಸ ಜೈತ್ರಪಾಲ ತನ್ನ ಆಸ್ಥಾನಕ್ಕೆ ಕರೆಸಿಕೊಂಡ. ಮೊಮ್ಮಗ ಚಾಂಗದೇವರು ಅರಸ ಸಿಂಘಣನ ಮುಖ್ಯ ಜ್ಯೋತಿಷಿಯಾದರು. ಸಿಂಘಣನ ಆಳ್ವಿಕೆಯಲ್ಲಿ ಸೇವುಣರ ಅಧಿಕಾರ ಬನವಾಸಿ ಸೀಮೆಯವರೆಗೂ ಚಾಚಿತ್ತು. ಅಜ್ಜನ ಗ್ರಂಥಗಳು ಓದುವವರಿಲ್ಲದೆ ಓಲೆಗರಿಯಲ್ಲಿ ಹುಳು ಹಿಡಿಯಬಾರದೆಂದು ಚಾಂಗದೇವರು ಪಾಟಣದಲ್ಲಿ ಒಂದು ಮಠ ಕಟ್ಟಿಸಿದರು. ಸಿದ್ಧಾಂತ ಶಿರೋಮಣಿ ಮೊದಲಾದ ಭಾಸ್ಕರರ ಗ್ರಂಥಗಳನ್ನೂ ಅವರ ವಂಶದ ಇತರರ ಕೃತಿಗಳನ್ನೂ ಅಲ್ಲಿ ಪಾಠ ಹೇಳಬೇಕೆಂಬುದು ಉದ್ದೇಶ. ಸ್ಥಳೀಯ ಅರಸ, ನಿಕುಂಭ ವಂಶದ ಸೋಯಿದೇವ, ಅದಕ್ಕೆ ದತ್ತಿ ಕೊಟ್ಟ. ದಿನ 1207ರ ಆಗಸ್ಟ್ 9, ಅಂದು ಚಂದ್ರಗ್ರಹಣ. ಗ್ರಹಣದ ಲೆಕ್ಕವನ್ನು ತಿದ್ದಿದವರ ಹೆಸರಿನ ಶಾಲೆಗೆ ಗ್ರಹಣದ ದಿನವೇ ದತ್ತಿ ದೊರೆಯಿತು.

ಈ ಶಾಸನವನ್ನು 19ನೆಯ ಶತಮಾನದಲ್ಲಿ ಬೆಳಕಿಗೆ ತಂದವರು ಮುಂಬಯಿಯ ವೈದ್ಯ, ವಿದ್ವಾಂಸ ಭಾವು ದಾಜಿ. ಅದರಲ್ಲಿ ಭಾಸ್ಕರರ ಹಿಂದಿನ ಆರು ತಲೆಮಾರು ಮತ್ತು ಮುಂದಿನ ಎರಡು ತಲೆಮಾರುಗಳ ಹೆಸರುಗಳಿವೆ. ಶಾಸನದ ಬಹುಭಾಗ ಸಂಸ್ಕೃತದಲ್ಲಿದ್ದು, ಕೊನೆಯ ಸಾಲುಗಳು ಹಳೆಯ ಮರಾಠಿಯಲ್ಲಿವೆ. ಆ ಸಾಲುಗಳಲ್ಲಿ ಮಠದ ಖರ್ಚಿಗೆ ಪೇಟೆಯಿಂದ ಸಲ್ಲಬೇಕಾದ ಆದಾಯದ ಪಟ್ಟಿಯಿದೆ. ಅರಮನೆಗೆ ಸೇರುತ್ತಿದ್ದ ಸುಂಕವನ್ನು ಗ್ರಾಹಕರಿಂದ ಮಠಕ್ಕೆ ಬಿಟ್ಟುಕೊಡಲಾಗಿದೆ. ಗ್ರಾಹಕರಿಂದ ಐದೈದು ಅಡಿಕೆ ಬರಬೇಕು. ಊರಿನಲ್ಲಿ ಎಷ್ಟು ಎಣ್ಣೆಗಾಣಗಳು ತಿರುಗುತ್ತವೆಯೋ ಅಷ್ಟರಿಂದಲೂ, ಒಂದೊಂದು ಗಾಣಕ್ಕೆ ಒಂದೊಂದು ಪಳಿ ಎಣ್ಣೆ ಮಠಕ್ಕೆ ಸಲ್ಲಬೇಕು.